ಆರು ತಿಂಗಳ ಕೌನ್ಸಿಲ್ ಕೆಲಸ

ಪ್ರಶ್ನೆ: ಬ್ರಿಟನ್ನಿನಲ್ಲಿ ಬಹುಕಾಲ ನಿರುದ್ಯೋಗಿಗಳಾಗಿದ್ದ ಯುವಜನರಿಗೆ ಸ್ಥಳೀಯ ಕೌನ್ಸಿಲ್‌ಗಳ ಮೂಲಕ ಸರ್ಕಾರವೇ ಕೆಲಸ ಕೊಡಿಸಿತ್ತಂತೆ. ಅದರಿಂದ ಪ್ರಯೋಜನವಾಯಿತೇ?

ಉತ್ತರ: ನೀವು ಕೇಳುತ್ತಿರುವುದು 2009ರಲ್ಲಿ ಗಾರ್ಡನ್ ಬ್ರೌನ್ ಸರ್ಕಾರ ಆರಂಭಿಸಿದ ‘ಫ್ಯೂಚರ್ ಜಾಬ್ಸ್ ಫಂಡ್’ ಕುರಿತಾಗಿರಬೇಕು. ಮುಖ್ಯವಾಗಿ 18ರಿಂದ 24 ವರ್ಷದವರಿಗಾಗಿದ್ದ ಈ ಯೋಜನೆಯಲ್ಲಿ, ಊರಿಗೆ ಉಪಯೋಗವಾಗುವಂಥ, ಇದ್ದವರ ಕೆಲಸವನ್ನು ಕಸಿಯದಂಥ ಹೊಸ ಹುದ್ದೆಗಳನ್ನು ಸೃಷ್ಟಿಸಿದ ಕೌನ್ಸಿಲ್‌ಗಳಿಗೂ ಸೇವಾಸಂಸ್ಥೆಗಳಿಗೂ ಹುದ್ದೆಯೊಂದಕ್ಕೆ ಗರಿಷ್ಠ 6,500 ಪೌಂಡ್ ದೊರೆಯುತ್ತಿತ್ತು. ಕೆಲಸ ಆರು ತಿಂಗಳದು, ವಾರಕ್ಕೆ ಕನಿಷ್ಠ 25 ಗಂಟೆಯದು. 2010ರಲ್ಲಿ ಅಧಿಕಾರಕ್ಕೆ ಬಂದ ಸಮ್ಮಿಶ್ರ ಸರ್ಕಾರ, ವೆಚ್ಚ ಹೆಚ್ಚೆಂದು ಅದನ್ನು ನಿಲ್ಲಿಸಲು ನಿರ್ಧರಿಸಿತು. ಅವಸರದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಏಕೆಂದರೆ ಅದೇ ಸರ್ಕಾರದ ಇಲಾಖೆ 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಖಜಾನೆಗೆ ಹೊರೆಯಾದರೂ, ಕೆಲಸ ಪಡೆದ ತಲಾ ಒಬ್ಬರಿಂದ ಒಟ್ಟು ಸಮಾಜಕ್ಕೆ ಸುಮಾರು 7,750 ಪೌಂಡ್ ನಿವ್ವಳ ಲಾಭವಾಯಿತೆಂದು ಅಂದಾಜಿಸಿತು.