ಪಂಪಿನ ಸದ್ದು ಬಲ್ಲ ಎಂಜಿನಿಯರ್ ಮತ್ತು ಒಂದು ಪುಟದ ಲೆಕ್ಕ

ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಹೆಸರನ್ನು ಬಿಟ್ಟಿದ್ದೇನೆ, ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ ಆಗ 36 ವರ್ಷ. ಶಿರಸಿ ತಾಲೂಕಿನ ಅಡಿಕೆ ತೋಟದ ಮನೆಯವರು. ಮೆಕ್ಯಾನಿಕಲ್ ವಿಭಾಗದಲ್ಲಿ ಬಿ.ಇ. ಮುಗಿಸಿ, ಕಾರವಾರದ ಸಮೀಪದ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿ 13 ವರ್ಷಗಳಿಂದ ದುಡಿಯುತ್ತಿದ್ದರು. ಪತ್ನಿ ಇಲ್ಲಿಯೇ ಪ್ರೌಢಶಾಲಾ ಶಿಕ್ಷಕಿ, ಐದು ವರ್ಷದ ಮಗಳಿದ್ದಾಳೆ. ಮಳೆಗಾಲದ ಒಂದು ಸಂಜೆ ಕಾರವಾರದ ಕೋಡಿಬಾಗದಲ್ಲಿ ನಾನು ಆಪ್ತಸಲಹೆ ಕೊಡುವ ಕೋಣೆಗೆ ಬಂದವರು ಚೀಲದಿಂದ ನಾಲ್ಕು ವಿದೇಶಿ ವಿಶ್ವವಿದ್ಯಾಲಯಗಳ ಮಾಹಿತಿ ಪುಸ್ತಿಕೆಗಳನ್ನು ತೆಗೆದು ಮೇಜಿನ ಮೇಲೆ ಹರಡಿ, "ಇದ್ರಲ್ಲಿ ಯಾವುದಕ್ಕೆ ಹೋಗಲಿ ಹೇಳಿ ಮೇಡಂ" ಎಂದರು. ನಾಲ್ಕೂ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್‌ನ ಸ್ನಾತಕೋತ್ತರ ಪದವಿಗೆ ಸಂಬಂಧಿಸಿದವು.

ಪುಸ್ತಿಕೆಗಳನ್ನು ನಾನು ತೆರೆಯಲಿಲ್ಲ. ಈ ಯೋಚನೆ ಯಾವಾಗ ಶುರುವಾಯಿತು ಎಂದಷ್ಟೇ ಕೇಳಿದೆ. ಮೂರು ತಿಂಗಳಾಯಿತು ಎಂದರು. ಮೂರು ತಿಂಗಳ ಹಿಂದೆ ಏನಾಯಿತು ಎಂದು ಕೇಳಿದಾಗ ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದು, ಆಮೇಲೆ ನಿಧಾನವಾಗಿ ಹೇಳತೊಡಗಿದರು.

ಅವರ ವಿಭಾಗದಲ್ಲಿ ಸಮುದ್ರದ ನೀರು ಎತ್ತುವ ಒಂದು ಪಂಪಿದೆ. ಮಳೆಗಾಲದಲ್ಲಿ ನೀರಿನೊಂದಿಗೆ ಮರಳು, ಕೆಸರು ನುಗ್ಗಿ, ನೀರು ಸೋರದಂತೆ ತಡೆಯುವ ಅದರ ಮೆಕ್ಯಾನಿಕಲ್ ಸೀಲ್ ಪ್ರತಿವರ್ಷ ಸವೆಯುತ್ತದೆ. ಪಂಪು ನಿಂತರೆ ಒಂದಿಡೀ ಉತ್ಪಾದನಾ ಸಾಲು ನಿಲ್ಲುತ್ತದೆ. ಶಾಫ್ಟ್, ಇಂಪೆಲ್ಲರ್, ಸೀಲ್ ಎಲ್ಲ ಜೋಡಿಸಿದ ಒಂದು ಪೂರ್ಣ ಸೆಟ್ಟನ್ನು ಮೊದಲೇ ತಂದಿಟ್ಟರೆ ದುರಸ್ತಿ ಕೆಲವೇ ತಾಸಿನಲ್ಲಿ ಮುಗಿಯುತ್ತದೆಂದು ಅವರು ಎರಡು ವರ್ಷ ಬರೆದು ಕೊಟ್ಟಿದ್ದರು. ಮೀಟಿಂಗಿನಲ್ಲಿ ಮೇಲಧಿಕಾರಿ, "ಹಾಕಿದ ಹಣ ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ?" ಎಂದು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಅವರಿಗಿಂತ ಏಳು ವರ್ಷ ಚಿಕ್ಕವನಾದ, ಎಂ.ಬಿ.ಎ. ಮಾಡಿ ಬಂದ ಸಹೋದ್ಯೋಗಿ ಮುಂದಿನ ವಾರ ಅದೇ ಪ್ರಸ್ತಾವವನ್ನು ಒಂದು ಪುಟದ ಲೆಕ್ಕದೊಂದಿಗೆ ಮಂಡಿಸಿದ, ಮಂಜೂರಾಯಿತು. ವಿಭಾಗದ ಮುಖ್ಯಸ್ಥನ ಸ್ಥಾನವೂ ಅವನಿಗೇ ಹೋಯಿತು.

"ಸದ್ದು ಕೇಳಿದ್ರೆ ಯಾವ ಬೇರಿಂಗ್ ಹೋಗಿದೆ ಅಂತ ನಂಗೆ ಗೊತ್ತಾಗ್ತದೆ ಮೇಡಂ. ಅವನಿಗೆ ಗೊತ್ತಾಗೂದಿಲ್ಲ" ಎಂದರು. ಆ ಮಾತಿನಲ್ಲಿ ಅಸೂಯೆಗಿಂತ ದುಃಖವೇ ಹೆಚ್ಚಿತ್ತು. ಹದಿಮೂರು ವರ್ಷ ಕಿವಿಯಿಂದ, ಕೈಯಿಂದ ಕಲಿತದ್ದಕ್ಕೆ ಬೆಲೆಯಿಲ್ಲವೆಂದು ಒಂದೇ ಮಧ್ಯಾಹ್ನದಲ್ಲಿ ಯಾರೋ ತೀರ್ಪು ಕೊಟ್ಟಂತೆ ಅವರಿಗೆ ಅನಿಸಿತ್ತು. ರಾತ್ರಿ ಎರಡಕ್ಕೆ ಎದ್ದು ಕುಳಿತು ಮೊಬೈಲಿನಲ್ಲಿ ಕೋರ್ಸುಗಳನ್ನು ಹುಡುಕುತ್ತಿದ್ದರು. ಅಷ್ಟರಲ್ಲಿ ಊರಿನಲ್ಲಿ ಅವರ ಅಪ್ಪಯ್ಯ, ಮಗನ ಓದಿಗೆಂದು 20 ಗುಂಟೆ ತೋಟ ಕೊಡಲು ಗಿರಾಕಿಯನ್ನು ಕೇಳಿಯೂ ಆಗಿತ್ತು.

ನೋವಿನಲ್ಲಿರುವ ಮನುಷ್ಯನಿಗೆ ಕೋರ್ಸಿನ ಹೆಸರು ಹೇಳುವುದು ಸುಲಭ, ಆದರೆ ಅದು ಸಲಹೆಯಾಗುವುದಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲಿ ನಾನು ಎರಡೇ ಮಾತು ಹೇಳಿದೆ. ಬಡ್ತಿ ತಪ್ಪಿದ ದುಃಖವನ್ನು ದುಃಖವೆಂದೇ ಒಪ್ಪಿಕೊಳ್ಳಿ, ಅದರ ಬಗ್ಗೆ ಮನೆಯಲ್ಲಿ ಬಾಯಿಬಿಟ್ಟು ಮಾತಾಡಿ. ತೋಟದ ಮಾತನ್ನು ಆರು ತಿಂಗಳ ಮಟ್ಟಿಗೆ ನಿಲ್ಲಿಸುವಂತೆ ಇಂದೇ ಊರಿಗೆ ಫೋನ್ ಮಾಡಿ. ಎರಡನೆಯದನ್ನು ಅವರು ನನ್ನೆದುರಿಗೇ ಮಾಡಿದರು. ಆ ಕಡೆಯಿಂದ ಆಯಿಯ ಧ್ವನಿ, "ದೇವರು ದೊಡ್ಡವ" ಎಂದದ್ದು ನನಗೂ ಕೇಳಿಸಿತು.

ಎರಡನೆಯ ಭೇಟಿಗೆ ಪತ್ನಿಯನ್ನೂ ಕರೆತರಲು ಹೇಳಿದ್ದೆ. ಇಂತಹ ನಿರ್ಧಾರದ ಅರ್ಧ ಭಾರ ಹೊರುವವರು ಮಾತುಕತೆಯ ಹೊರಗಿರಬಾರದು. ಆಕೆ ಬಂದ ಕೂಡಲೇ ಕೇಳಿದ ಪ್ರಶ್ನೆ ನೇರವಾಗಿತ್ತು: "ಮ್ಯಾನೇಜ್‌ಮೆಂಟ್ ಅಂದ್ರೆ ಮಾತಿನ ಕೆಲಸ, ಅದು ತನ್ನಿಂದ ಆಗೂದಿಲ್ಲ ಅಂತ ಇವರೇ ಹೇಳ್ತಾರೆ. ಮತ್ತೆ ಅದನ್ನೇ ಓದೂದು ಯಾಕೆ?"

ಆ ದಿನ ಹೆಚ್ಚು ಹೊತ್ತು ಕಳೆದದ್ದು ಈ ಪ್ರಶ್ನೆಯ ಮೇಲೆಯೇ. ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಎಂಬ ವಿಷಯ ಹುಟ್ಟಿದ್ದೇ ಅವರಂಥವರಿಗಾಗಿ. ಅಮೆರಿಕದ ಮಿಸೌರಿ ರಾಜ್ಯದ ರೋಲಾದಲ್ಲಿ 1967ರಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ಆರಂಭವಾಯಿತು, 1979ರಲ್ಲಿ ಅಮೆರಿಕದಲ್ಲಿ ಈ ವೃತ್ತಿಯವರ ರಾಷ್ಟ್ರೀಯ ಸಂಘವೂ ಸ್ಥಾಪನೆಯಾಯಿತು. ಎಂ.ಬಿ.ಎ. ಯಾವ ಹಿನ್ನೆಲೆಯವರಿಗೂ ತೆರೆದಿದ್ದರೆ, ಇದು ತಾಂತ್ರಿಕ ಪದವಿಯ ಮೇಲೆ ಕಟ್ಟುವ ಓದು: ಯೋಜನಾ ನಿರ್ವಹಣೆ, ಹೂಡಿಕೆಯ ಅರ್ಥಶಾಸ್ತ್ರ, ಗುಣಮಟ್ಟ, ಪೂರೈಕೆ ಸರಪಳಿ, ಲೆಕ್ಕಪತ್ರ, ಅನಿಶ್ಚಿತತೆಯ ನಡುವೆ ನಿರ್ಧಾರ ಮಾಡುವ ಗಣಿತ, ಅದರೊಂದಿಗೆ ಜನರನ್ನು ಮುನ್ನಡೆಸುವ ವಿಚಾರ. ನಿರ್ವಹಣಾ ವಿಭಾಗದವರು ದಿನವೂ ಹೆಸರು ಹೇಳುವ, ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುತ್ತದೆಂದು ಗುರುತಿಸುವ ಕ್ರಿಟಿಕಲ್ ಪಾತ್ ವಿಧಾನವು 1957ರ ಸುಮಾರಿಗೆ ಡ್ಯುಪಾಂಟ್ ಕಂಪನಿಯಲ್ಲಿ, ರಾಸಾಯನಿಕ ಕಾರ್ಖಾನೆಗಳ ನಿರ್ಮಾಣ ಮತ್ತು ದುರಸ್ತಿ ನಿಲುಗಡೆಯ ಸಮಯ ಉಳಿಸುವ ಪ್ರಯತ್ನದಲ್ಲಿ ರೂಪುಗೊಂಡದ್ದು ಎಂದಾಗ ಅವರ ಮುಖದಲ್ಲಿ ಮೊದಲ ಬಾರಿ ಕುತೂಹಲ ಕಂಡಿತು. ನಮ್ಮದೇ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೆಯ ಘಟಕ 2018ರ ಡಿಸೆಂಬರ್ 31ರಂದು ನಿಲ್ಲುವ ಹೊತ್ತಿಗೆ ಎಡೆಬಿಡದೆ 962 ದಿನ ಓಡಿತ್ತು. ಯಂತ್ರ ಗಟ್ಟಿಯಿದ್ದರಷ್ಟೇ ಹಾಗೆ ಓಡುವುದಿಲ್ಲ, ಯಾವ ಬಿಡಿಭಾಗ ಯಾವಾಗ ಎಲ್ಲಿರಬೇಕೆಂದು ಮೊದಲೇ ಕೂತು ಬರೆದವರೂ ಇರಬೇಕಾಗುತ್ತದೆ.

ಮಾತು ಸಾಕೆಂದು ಒಂದು ಹಾಳೆ ಕೊಟ್ಟು ಪಂಪಿನ ಲೆಕ್ಕವನ್ನೇ ಮಾಡಲು ಹೇಳಿದೆ. ಜೇಬಿನಿಂದ ಅವರು ಎಣ್ಣೆ ಹಿಡಿದ ಚಿಕ್ಕ ಡೈರಿ ತೆಗೆದರು. ನಾಲ್ಕು ವರ್ಷದ ಪ್ರತಿ ನಿಲುಗಡೆಯೂ ತಾರೀಖು, ತಾಸುಗಳ ಸಮೇತ ಅದರಲ್ಲಿತ್ತು. ಸೆಟ್ಟಿನ ಬೆಲೆ 6 ಲಕ್ಷ, ಅದರಿಂದ ವರ್ಷಕ್ಕೆ ತಪ್ಪುವ ನಷ್ಟ ಸುಮಾರು 2.2 ಲಕ್ಷ. ಹಾಗಾದರೆ ಹಾಕಿದ ಹಣ 2 ವರ್ಷ 9 ತಿಂಗಳಲ್ಲಿ ಮರಳುತ್ತದೆ. ನಾಳೆಯ ರೂಪಾಯಿಗೆ ಇಂದಿನಷ್ಟು ಬೆಲೆಯಿಲ್ಲವಾದ್ದರಿಂದ ಶೇ. 12ರ ದರದಲ್ಲಿ ಕಡಿತ ಮಾಡಿದರೂ ನಾಲ್ಕು ವರ್ಷದ ಉಳಿತಾಯದ ಇಂದಿನ ಮೌಲ್ಯ 6.68 ಲಕ್ಷ, ಅಂದರೆ ಖರ್ಚಿಗಿಂತ 68 ಸಾವಿರ ಹೆಚ್ಚು. ಸೂತ್ರವನ್ನು ನಾನು ಒಮ್ಮೆ ತೋರಿಸಿದೆ, ಉಳಿದದ್ದನ್ನು ಅವರೇ ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಹಾಳೆಯನ್ನು ಪತ್ನಿಗೆ ಕೊಟ್ಟರು. ಆಕೆ ಗಣಿತದ ಶಿಕ್ಷಕಿ, ಒಂದು ಕಡೆ ದಶಾಂಶ ತಿದ್ದಿದರು. ಆ ಡೈರಿಯಿಲ್ಲದೆ ಸಹೋದ್ಯೋಗಿಯ ಪುಟವೂ ತಯಾರಾಗುತ್ತಿರಲಿಲ್ಲ ಎಂಬುದನ್ನು ನಾನು ಹೇಳಬೇಕಾಗಲಿಲ್ಲ.

ಆಮೇಲೆ ಪುಸ್ತಿಕೆಗಳನ್ನು ತೆರೆದೆವು. ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಿದೆ. ವಿದೇಶದ ಇಂತಹ ಹಲವು ಕೋರ್ಸುಗಳು ಆಗತಾನೆ ಬಿ.ಇ. ಮುಗಿಸಿದವರನ್ನೂ ಸೇರಿಸಿಕೊಳ್ಳುತ್ತವೆ. ಅಲ್ಲಿ ಕೆಲಸ ಹುಡುಕಿ ನೆಲೆಸುವ ಉದ್ದೇಶವಿದ್ದವರಿಗೆ ಆ ಖರ್ಚಿಗೆ ಅರ್ಥವಿರಬಹುದು. ನೀವು ಮರಳಿ ಇಲ್ಲಿಗೇ ಬರುವವರು, ಅಡಿಕೆಯ ಕೊನೆಕೊಯ್ಲಿಗೆ ಊರಲ್ಲಿರಲೇಬೇಕಾದವರು. 7.5 ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಆ ಸಾಲಕ್ಕೆ ಸಿಗುವ ತೆರಿಗೆ ವಿನಾಯಿತಿ ಬಡ್ಡಿಗೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ. ಪಂಪಿಗೆ ಹಾಕಿದ ಲೆಕ್ಕವನ್ನೇ ಈ ನಾಲ್ಕು ಪುಸ್ತಿಕೆಗಳಿಗೂ ಹಾಕಿ ಎಂದೆ. ಹಾಕಿದರು, ಯಾವುದೂ ಹೊಂದಲಿಲ್ಲ.

ದೇಶದೊಳಗಿನ ದಾರಿಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರುಗಳಿಗೆಂದೇ ಮ್ಯಾನೇಜ್‌ಮೆಂಟ್‌ನ ಸ್ನಾತಕೋತ್ತರ ಪದವಿಯಿದೆ, ಮುಂಬೈಯ ಎನ್.ಐ.ಟಿ.ಐ.ಇ. (ನೈಟಿ) ಸಂಸ್ಥೆ 1963ರಿಂದ ಔದ್ಯಮಿಕ ಎಂಜಿನಿಯರಿಂಗ್‌ಗೆ ಹೆಸರಾಗಿದ್ದು 2023ರಲ್ಲಿ ಐ.ಐ.ಎಂ. ಮುಂಬೈ ಆಗಿದೆ. ಇವಕ್ಕೆ ಪೂರ್ಣಾವಧಿ ಸೇರಬೇಕಾದರೆ ಕೆಲಸ ಬಿಡಬೇಕು. ಕೆಲಸ ಬಿಡದೆ ಓದುವವರಿಗೆ ಬಿಟ್ಸ್ ಪಿಲಾನಿ 1979ರಿಂದ ನಡೆಸುತ್ತಿರುವ ಕಾರ್ಯಸಂಯೋಜಿತ ಕಲಿಕೆಯ ವ್ಯವಸ್ಥೆಯಲ್ಲಿ ಉತ್ಪಾದನಾ ನಿರ್ವಹಣೆಯ ಎಂ.ಟೆಕ್. ಇದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಯಿತು. ಅವರಿಗೆ ಒಬ್ಬ ಏಜೆಂಟ್ ಫೋನ್ ಮಾಡಿ, ದೂರಶಿಕ್ಷಣದಲ್ಲಿ ಒಂದೇ ವರ್ಷಕ್ಕೆ ಎಂ.ಟೆಕ್. ಮಾಡಿಸಿಕೊಡುತ್ತೇನೆ, ಮುಂಗಡ ಕಟ್ಟಿ ಎಂದಿದ್ದ. ದೂರಶಿಕ್ಷಣದ ಎಂಜಿನಿಯರಿಂಗ್ ಪದವಿಗಳ ಕುರಿತು ಸುಪ್ರೀಂ ಕೋರ್ಟ್ 2017ರ ನವೆಂಬರ್ 3ರಂದು ಕೊಟ್ಟ ತೀರ್ಪಿನಿಂದ ಎಷ್ಟೋ ಜನರ ಪ್ರಮಾಣಪತ್ರಗಳು ಪ್ರಶ್ನೆಗೊಳಗಾದವು. ಯಾವುದೇ ಕೋರ್ಸಿಗೆ ಒಂದು ರೂಪಾಯಿ ಕಟ್ಟುವ ಮೊದಲು ಉನ್ನತ ಶಿಕ್ಷಣದ ನಿಯಂತ್ರಕ ಸಂಸ್ಥೆಗಳಾದ ಯು.ಜಿ.ಸಿ. ಮತ್ತು ಎ.ಐ.ಸಿ.ಟಿ.ಇ. ಜಾಲತಾಣಗಳಲ್ಲಿ ಆ ವರ್ಷದ ಮಾನ್ಯತೆಯನ್ನು ಸ್ವತಃ ನೋಡಿ, ಪುಟವನ್ನು ಮುದ್ರಿಸಿಟ್ಟುಕೊಳ್ಳಲು ಹೇಳಿದೆ. ಏಜೆಂಟನ ನಂಬರನ್ನು ಪತ್ನಿಯೇ ಬ್ಲಾಕ್ ಮಾಡಿದರು.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಐ.ಐ.ಟಿ.ಗಳು ನಡೆಸುವ ಆನ್‌ಲೈನ್ ಕಲಿಕೆಯ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಯೋಜನಾ ನಿರ್ವಹಣೆ ಅಥವಾ ಎಂಜಿನಿಯರಿಂಗ್ ಅರ್ಥಶಾಸ್ತ್ರಕ್ಕೆ ಸಂಬಂಧಿಸಿದ ಹನ್ನೆರಡು ವಾರದ ಒಂದು ಕೋರ್ಸ್ ತೆಗೆದುಕೊಳ್ಳಿ. ಕಲಿಯುವುದಕ್ಕೆ ಶುಲ್ಕವಿಲ್ಲ, ಪರೀಕ್ಷೆಗೆ ಮಾತ್ರ ಕಟ್ಟಬೇಕು. ಪಾಳಿ ಮುಗಿಸಿ ಬಂದು ವಾರಕ್ಕೆ ಐದಾರು ತಾಸು ಓದಲು ಆಗುತ್ತದೆಯೇ, ಮನೆ ಅದನ್ನು ತಾಳುತ್ತದೆಯೇ ಎಂಬುದು ಸಾಲ ಮಾಡದೆಯೇ ತಿಳಿಯುತ್ತದೆ. ಅದರೊಂದಿಗೆ ತಿಂಗಳಿಗೊಂದು ನಿಜವಾದ ಸಮಸ್ಯೆಯನ್ನು ಡೈರಿಯಿಂದ ಎತ್ತಿಕೊಂಡು ಒಂದು ಪುಟದ ಲೆಕ್ಕ ಬರೆದು ಮೇಲಧಿಕಾರಿಗೆ ಕೊಡಿ, ಮಂಜೂರಾಗಲಿ ಬಿಡಲಿ. ಪದವಿಗೆ ಸೇರುವ ಮಾತು ಇವೆರಡೂ ಆದ ಮೇಲೆ. ಮೀಟಿಂಗಿನಲ್ಲಿ ಬಾಯಿ ಕಟ್ಟುವ ತೊಂದರೆಗೆ ಬೇರೆಯಾಗಿ ನಾಲ್ಕು ಭೇಟಿಗಳಲ್ಲಿ ಅಭ್ಯಾಸ ಮಾಡಿಸಿದೆ. ಪತ್ನಿಯೆದುರು, ಆಮೇಲೆ ಇಬ್ಬರು ಗೆಳೆಯರೆದುರು ನಿಂತು ಐದು ನಿಮಿಷ ಮಾತಾಡಿ ಬರಬೇಕಿತ್ತು.

ಹನ್ನೆರಡು ವಾರದ ಕೋರ್ಸನ್ನು ಅವರು ಮುಗಿಸಿದರು. ಕೊಳೆರೋಗಕ್ಕೆ ಔಷಧಿ ಹೊಡೆಸಲು ಊರಿಗೆ ಹೋಗಿದ್ದ ಎರಡು ವಾರ ಮಾತ್ರ ಹಿಂದೆ ಬಿದ್ದಿದ್ದರು. ಆ ಅವಧಿಯಲ್ಲಿ ಕೊಟ್ಟ ಮೂರು ಪುಟಗಳಲ್ಲಿ ಒಂದು ಒಪ್ಪಿಗೆಯಾಯಿತು, ಒಂದು ತಿರಸ್ಕೃತವಾಯಿತು. ಮೂರನೆಯದನ್ನು ಸರಿಪಡಿಸಿ ಎಂದು ಹಿಂದೆ ಕಳಿಸಿದ್ದು ಅದೇ ಕಿರಿಯ ಮುಖ್ಯಸ್ಥ. ಅವನ ಟಿಪ್ಪಣಿ ನ್ಯಾಯವಾಗಿತ್ತೆಂದು ಇವರೇ ನನಗೆ ತೋರಿಸಿದರು. ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ.

ಈಗ ಅವರು ಕೆಲಸದೊಂದಿಗೇ ಓದುವ ಎಂ.ಟೆಕ್.ಗೆ ಅರ್ಜಿ ತುಂಬಿದ್ದಾರೆ, ಶುಲ್ಕ ಸಂಬಳದ ಉಳಿತಾಯದಿಂದ. ಅರ್ಜಿಯೊಂದಿಗೆ ಕಾರ್ಖಾನೆಯ ಸಮ್ಮತಿಪತ್ರ ಬೇಕು, ಕೆಲಸದ ಸ್ಥಳದಲ್ಲಿ ಮಾರ್ಗದರ್ಶಕರೊಬ್ಬರ ಹೆಸರೂ ಬೇಕು. ಯಾರ ಹೆಸರು ಬರೆಯುತ್ತೀರಿ ಎಂದು ಕಳೆದ ವಾರ ಕೇಳಿದೆ. ಆ ಕಿರಿಯ ಮುಖ್ಯಸ್ಥನನ್ನು ಕೇಳಬೇಕೆಂದಿದ್ದಾರೆ. ಸೋಮವಾರ ಕೇಳುತ್ತಾರಂತೆ.