ಅರ್ಧಕ್ಕೆ ಬಿಟ್ಟ ಪಿಎಚ್‌ಡಿ, ಮೆಡಿಕಲ್ ಅರ್ಜಿ

ಅಮೆರಿಕದಲ್ಲಿ ಪಿಎಚ್‌ಡಿ ಎರಡನೇ ವರ್ಷಕ್ಕೆ ಬಿಟ್ಟು ಅಲ್ಲಿನ ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಿದಿರಿ, ಸಂದರ್ಶನದ ಕರೆ ಬರಲಿಲ್ಲ ಅಂದಿದ್ದೀರಿ. ಬಿಟ್ಟ ಕಾರಣವನ್ನು ಎಲ್ಲೂ ಬರೆಯದಿದ್ದದ್ದೇ ತೊಡಕಾಗಿರಬೇಕು. ಓದುವವರಿಗೆ ‘ಇದನ್ನೂ ನಡುವೆ ಬಿಟ್ಟರೆ?’ ಅನ್ನಿಸುತ್ತದೆ. ನನಗೂ ಹೀಗೇ ಆಗಿತ್ತು.

ಮೊದಲು ಪಿಎಚ್‌ಡಿ ಮಾಡುತ್ತಿದ್ದ ಯೂನಿವರ್ಸಿಟಿಯ ಟ್ರಾನ್‌ಸ್ಕ್ರಿಪ್ಟ್, ಅಂದರೆ ಅಂಕಪಟ್ಟಿ, ತರಿಸಿ. ಅಲ್ಲಿನ ಮೆಡಿಕಲ್ ಕಾಲೇಜುಗಳಿಗೆ ಒಟ್ಟಿಗೇ ಹಾಕುವ ಆಮ್‌ಕಾಸ್ ಅರ್ಜಿಯಲ್ಲಿ ಅದನ್ನು ತೋರಿಸಲೇಬೇಕು, ಮುಚ್ಚಿಡಬೇಡಿ. ಪಿಜಿ ಗ್ರೇಡುಗಳ ಲೆಕ್ಕ ಬೇರೆ, ಡಿಗ್ರಿಯ ಜಿಪಿಎಗೆ (ಸರಾಸರಿ ಗ್ರೇಡಿಗೆ) ಸೇರುವುದಿಲ್ಲ.

ಆಮೇಲೆ ಗೈಡ್ ಹತ್ತಿರ ಒಂದು ಪತ್ರ ಕೇಳಿ. ಅವರಿಗೆ ಬೇಸರ ಇದ್ದರೆ ನಿಮ್ಮ ಕೆಲಸ ನೋಡಿದ ಇನ್ನೊಬ್ಬ ಪ್ರೊಫೆಸರ್ ಆದರೂ ಆದೀತು.

ಅರ್ಜಿಯಲ್ಲಿ ನಿಮ್ಮ ಬಗ್ಗೆ ಬರೆಯುವ ಪ್ರಬಂಧಕ್ಕೆ ಇರುವುದೇ 5,300 ಅಕ್ಷರ. ಪಿಎಚ್‌ಡಿ ಬಿಟ್ಟದ್ದಕ್ಕೆ ಮೂರ್ನಾಲ್ಕು ವಾಕ್ಯ ಸಾಕು. ಗೈಡ್ ಮೇಲೆ ದೂರು ಬೇಡ. ರೋಗಿಗಳ ಜೊತೆಗೇ ಇರಬೇಕು ಅಂತ ಯಾವಾಗ ಅನ್ನಿಸಿತು, ಅದನ್ನು ಬರೆಯಿರಿ. ರಜೆಯಲ್ಲಿ ಊರಿಗೆ ಬಂದಾಗ ಕಾಸರಗೋಡಿನ ಎಣ್ಮಕಜೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದ ಮಕ್ಕಳ ಕ್ಯಾಂಪಿನಲ್ಲಿ ಇದ್ದೆ ಅಂದಿರಲ್ವಾ? ಅದೇ ನಿಮ್ಮ ಉತ್ತರ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸಿದ್ದು ಅಮೆರಿಕದವರಿಗೆ ಗೊತ್ತಿರುವುದಿಲ್ಲ, ಎರಡು ಸಾಲಲ್ಲಿ ಹೇಳಿ.

ಕರೆ ಬಾರದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ವೀಸಾದಲ್ಲಿ ಇರುವವರನ್ನು ತುಂಬಾ ಕಾಲೇಜುಗಳು ತೆಗೆದುಕೊಳ್ಳುವುದೇ ಇಲ್ಲ. ಈ ಸಲ ಫೀಸು ಕಟ್ಟುವ ಮುಂಚೆ ಒಂದೊಂದು ಅಡ್ಮಿಷನ್ ಆಫೀಸಿಗೂ ಮೇಲ್ ಹಾಕಿ ಕೇಳಿ.