ಕೊಳೆತ ಬ್ರೇಕ್ ಪೈಪಿಗೆ ತುಂಡು ಜೋಡಿಸಿದರೆ ಸಾಕಾ?

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವನು. ನನ್ನ ಸಣ್ಣ ಕಾರು 2009ರದ್ದು. ಆರ್‌ಸಿ ಇನ್ನೈದು ವರ್ಷಕ್ಕೆ ನವೀಕರಣ ಆಗಿದೆ. ಓಡಿದ್ದು ಕಡಿಮೆ, ಅಂಗಳದಲ್ಲಿ ನಿಂತಿದ್ದೇ ಜಾಸ್ತಿ. ಕಳೆದ ವಾರ ಹಿಂದಿನ ಎಡ ಚಕ್ರದ ಒಳಬದಿ ತೇವ ಕಂಡಿತು. ಬ್ರೇಕ್ ಆಯಿಲ್ ಡಬ್ಬಿಯಲ್ಲೂ ಮಟ್ಟ ಇಳಿದಿದೆ. ಒಬ್ಬ ಮೆಕ್ಯಾನಿಕ್ 'ಜಂಗ್ ಹಿಡಿದ ತುಂಡು ಕತ್ತರಿಸಿ ಜಾಯಿಂಟ್ ಹಾಕ್ತೇನೆ, ಸಂಜೆಗೆ ಗಾಡಿ ಕೊಡ್ತೇನೆ' ಅಂದ. ಇನ್ನೊಬ್ಬರು ಪೈಪನ್ನೇ ಪೂರ್ತಿ ಬದಲಿಸಿ ಅಂದರು. ತಿಂಗಳಿಗೊಮ್ಮೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಮಗಳ ಮನೆಗೆ ಹೋಗುತ್ತೇನೆ. ಯಾರ ಮಾತು ಕೇಳಲಿ?

ಉತ್ತರ: ಎರಡನೆಯವರ ಮಾತು ಕೇಳಿ. ಕೆಲಸ ಮುಗಿಯುವ ತನಕ ಶಿರಸಿಗೆ ಬಸ್ಸಿನಲ್ಲಿ ಹೋಗಿ. ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ ಅಥವಾ ಗಾಡಿಯನ್ನು ಎತ್ತಿಸಿಕೊಂಡು ಹೋಗಿ.

ಮೊದಲು ಆ ತೇವ ಏನು ಅಂತ ಗೊತ್ತಾಗಲಿ. ಬೆರಳಿಗೆ ಒಂದು ಹನಿ ತಗೊಂಡು ನೀರು ತುಂಬಿದ ಗ್ಲಾಸಿಗೆ ಬಿಡಿ. ಗೇರ್ ಆಯಿಲ್, ಗ್ರೀಸ್ ಆದರೆ ಮೇಲೆ ತೇಲುತ್ತದೆ. ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿ ಕಾಣೆಯಾಗುತ್ತದೆ. ನಾವು ಆಯಿಲ್ ಅಂತ ಕರೆದರೂ ಅದು ಎಣ್ಣೆಯೇ ಅಲ್ಲ. ಕೈ ತೊಳೆದುಕೊಳ್ಳಿ, ಕಾರಿನ ಬಣ್ಣಕ್ಕೆ ತಾಗಿಸಬೇಡಿ, ಬಣ್ಣ ಏಳುತ್ತದೆ. ಡಬ್ಬಿಯ ಮಟ್ಟ ಮುಂದಿನ ಚಕ್ರದ ಬ್ರೇಕ್ ಪ್ಯಾಡ್ ಸವೆದಾಗಲೂ ಸ್ವಲ್ಪ ಇಳಿಯುತ್ತದೆ. ಆದರೆ ಇಳಿಕೆಯ ಜೊತೆ ತೇವವೂ ಇದೆ ಅಂದಮೇಲೆ ಸೋರಿಕೆಯೇ. ಅದು ಡ್ರಮ್ಮಿನೊಳಗೆ ಬ್ರೇಕ್ ಲೈನಿಂಗನ್ನು ತಳ್ಳುವ ವೀಲ್ ಸಿಲಿಂಡರಿನದೂ ಇರಬಹುದು, ಪೈಪಿನದೂ ಇರಬಹುದು. ಡ್ರಮ್ ಬಿಚ್ಚಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಪೈಪಿನದೇ ಎಂದಾದರೆ ಒಂದು ಮಾತು. ಸೋರುವ ಜಾಗ ಕಣ್ಣಿಗೆ ಬಿದ್ದ ಜಾಗ ಅಷ್ಟೇ. ಅದರ ಪಕ್ಕದ ಗೇಣುದ್ದ ಪೈಪೂ ಅದೇ ವಯಸ್ಸಿನದು, ಅದೇ ಉಪ್ಪುಗಾಳಿ ಕುಡಿದದ್ದು.

ಈ ಪೈಪು ಎಷ್ಟು ಸಣ್ಣದು ಗೊತ್ತಾ? ಬಹುತೇಕ ಕಾರುಗಳಲ್ಲಿ ಹೊರ ಅಳತೆ 4.75 ಮಿ.ಮೀ., ಗೋಡೆಯ ದಪ್ಪ 0.7 ಮಿ.ಮೀ. ಆಸುಪಾಸು. ಉಕ್ಕಿನದು, ಮೇಲೆ ಸತುವಿನ ಲೇಪ, ಅದರ ಮೇಲೆ ಪ್ಲಾಸ್ಟಿಕ್ ಪದರ. ಕಲ್ಲು ಸಿಡಿದು ಆ ಪದರ ಒಂದು ಕಡೆ ಬಿರಿದರೂ ಸಾಕು, ಉಪ್ಪುನೀರು ಅಡಿಗೆ ಹರಿಯುತ್ತದೆ. ಹೊರಗೆ ಕಪ್ಪಗೆ ಚಂದ ಕಾಣುವ ಪೈಪು ಒಳಗೆ ಪದರ ಪದರವಾಗಿ ಎದ್ದಿರುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಅದರೊಳಗಿನ ಒತ್ತಡ ಟೈರಿನ ಗಾಳಿಯ ಹತ್ತಿಪ್ಪತ್ತು ಪಟ್ಟಿಗೂ ಜಾಸ್ತಿ. ಬ್ರಿಟನ್ನಿನ ವಾಹನ ಪರೀಕ್ಷೆಯಲ್ಲಿ ಗೋಡೆ ಮೂರನೇ ಒಂದು ಭಾಗ ಸವೆದಿದ್ದರೆ ಗಾಡಿ ಫೇಲ್. ಅಂದರೆ ಸುಮಾರು 0.25 ಮಿ.ಮೀ., ನೋಟ್‌ಬುಕ್ಕಿನ ಎರಡು ಮೂರು ಹಾಳೆಯಷ್ಟು. ಅದನ್ನು ಕಣ್ಣಲ್ಲಿ ಅಳೆಯೋದು ಯಾರಿಂದಲೂ ಆಗದ ಮಾತು.

ಅವರಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ನಮಗೆ ಅದನ್ನು ಯಾರೂ ಹಾಕಿಕೊಡಬೇಕಿಲ್ಲ. ಕಡಲ ಗಾಳಿ ಇದೆ, ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ ಇದೆ. ಸಾಲದ್ದಕ್ಕೆ ಹೆದ್ದಾರಿ 66ರಲ್ಲಿ ಮೀನು ಲಾರಿ. ಅದರ ಹಿಂದೆ ಸಿಕ್ಕಿಕೊಂಡು ಅಂಕೋಲಾ ತನಕ ಬಂದವರಿಗೆ ಆ ನೀರಿನ ವಾಸನೆ ಗೊತ್ತು. ಮೀನಿನ ಉಪ್ಪುನೀರು ರಸ್ತೆಗೆ ಸುರಿದು, ನಿಮ್ಮ ಚಕ್ರ ಅದನ್ನು ನೇರ ಪೈಪಿಗೇ ಎರಚುತ್ತದೆ. ಗಾಜಿಗೆ ಬಿದ್ದದ್ದನ್ನು ವೈಪರ್ ಹಾಕಿ ಒರೆಸುತ್ತೀರಿ, ಕೆಳಗೆ ಯಾರು ಒರೆಸುತ್ತಾರೆ?

ಕೊಳೆಯೋದು ಹೆಚ್ಚಾಗಿ ಪ್ಲಾಸ್ಟಿಕ್ ಕ್ಲಿಪ್ಪಿನ ಒಳಗೆ, ಪೆಟ್ರೋಲ್ ಟ್ಯಾಂಕಿನ ಮೇಲೆ, ಹಿಂದಿನ ಆಕ್ಸಲ್ ದಾಟುವಲ್ಲಿ. ಕ್ಲಿಪ್ಪಿನೊಳಗೆ ಕೆಂಪು ಮಣ್ಣು ಕೂತು ಯಾವಾಗಲೂ ಒದ್ದೆ. ಕ್ಲಿಪ್ ಬಿಚ್ಚದೆ 'ಪೈಪ್ ಗಟ್ಟಿ ಇದೆ' ಅಂದವರನ್ನು ನಂಬಬೇಡಿ. ಹಾಗಂತ ನೀವೇ ವೈರ್ ಬ್ರಷ್ ಹಿಡಿದು ಉಜ್ಜಲೂ ಹೋಗಬೇಡಿ. ತುಕ್ಕೇ ತೂತು ಮುಚ್ಚಿಕೊಂಡು ಕೂತಿರೋದನ್ನು ನಾನು ನೋಡಿದ್ದೇನೆ. ಉಜ್ಜಿದ ಕೂಡಲೇ ಚಿಮ್ಮಿತು.

ಇನ್ನು ಜಾಯಿಂಟ್. ಸರಿಯಾಗಿ ಫ್ಲೇರ್ ಮಾಡಿ, ಅಂದರೆ ಪೈಪಿನ ತುದಿ ಅರಳಿಸಿ, ಎರಡು ಪೈಪು ಕೂಡಿಸಲು ಬ್ರೇಕಿಗೆಂದೇ ಮಾಡಿದ ಯೂನಿಯನ್ ಹಾಕಿದರೆ ಅದು ತಪ್ಪಲ್ಲ. ಆದರೆ ಫ್ಲೇರ್ ಮಾಡಲು ಗಟ್ಟಿ ಪೈಪು ಬೇಕಲ್ವಾ? ಕೊಳೆತದ್ದನ್ನು ಅರಳಿಸಿದರೆ ಸೀಳುತ್ತದೆ. ಆಗ ಶುರುವಾಗುತ್ತದೆ ನೋಡಿ: ನಲ್ಲಿ ಪೈಪಿನ ಥರ ರಿಂಗ್ ಬಿಗಿಯುವ ಜಾಯಿಂಟ್, ಗ್ಯಾಸ್ ವೆಲ್ಡಿಂಗ್, ಮಧ್ಯೆ ರಬ್ಬರ್ ಪೈಪ್ ಹಾಕಿ ಕ್ಲಾಂಪ್. ಹಿಂದಿನ ಲೈನ್ ಮಡಚಿ ಚಪ್ಪಟೆ ಮಾಡಿ 'ಮುಂದಿನ ಬ್ರೇಕ್ ಸಾಕು ಬಿಡಿ' ಅನ್ನುವವರೂ ಇದ್ದಾರೆ. ಇವು ಯಾವುದಕ್ಕೂ ಒಪ್ಪಬೇಡಿ.

ಹೊಸ ಪೈಪಿಗೆ ಎರಡು ದಾರಿ. ಕಂಪನಿಯದೇ ಬಾಗಿಸಿದ ಉಕ್ಕಿನ ಪೈಪು ಆರ್ಡರ್ ಮಾಡಿ ತರಿಸಬಹುದು, ಸಿಕ್ಕರೆ ಒಳ್ಳೆಯದೇ. ಕಡಲ ಬದಿಯವರಿಗೆ ನಾನು ಹೇಳೋದು ಕ್ಯುಪ್ರೊನಿಕಲ್. 90 ಪಾಲು ತಾಮ್ರ, 10 ಪಾಲು ನಿಕಲ್. ಹಡಗಿನಲ್ಲಿ ಸಮುದ್ರದ ನೀರೇ ಓಡಾಡುವ ಪೈಪಿಗೆ ಬಳಸುವ ಲೋಹ ಇದು, ನಿಮ್ಮ ಕೋಡಿಬಾಗದ ಗಾಳಿ ಅದಕ್ಕೆ ಲೆಕ್ಕಕ್ಕಿಲ್ಲ. ಕೈಯಲ್ಲೇ ಬಾಗುತ್ತದೆ. ಫ್ರಿಜ್, ಎಸಿಯವರ ಬರೀ ತಾಮ್ರದ ಪೈಪು ಮಾತ್ರ ಬೇಡ. ಅದು ಅದುರಿ ಅದುರಿ ಬಿರುಸಾಗಿ ಒಡೆಯುತ್ತದೆ. ತುದಿಯ ಆಕಾರವೂ ಹೊಂದಬೇಕು. ಜಪಾನ್ ಮೂಲದ ಕಾರುಗಳಲ್ಲಿ ಸಾಮಾನ್ಯವಾಗಿ ಡಬಲ್ ಫ್ಲೇರ್ (ತುದಿ ಅರಳಿಸಿ ಒಳಕ್ಕೆ ಮಡಚಿದ್ದು), ಯುರೋಪಿನವುಗಳಲ್ಲಿ ಬಬಲ್ ಫ್ಲೇರ್ (ಗುಳ್ಳೆಯ ಹಾಗೆ ಉಬ್ಬಿಸಿದ್ದು). ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಎಷ್ಟು ಬಿಗಿದರೂ ಜಿನುಗುತ್ತದೆ. ಮತ್ತೆ, ಫ್ಲೇರ್ ಮಾಡುವ ಮೊದಲು ನಟ್ ಪೋಣಿಸಬೇಕು. ನಗಬೇಡಿ. ಎರಡೂ ತುದಿ ಚೆಂದ ಮಾಡಿ ಮುಗಿಸಿ, ನಟ್ ಮೇಜಿನ ಮೇಲೇ ಉಳಿದದ್ದು ನನಗೇ ಎರಡು ಸಲ ಆಗಿದೆ.

ಹಿಂದಿನ ಎಡ, ಬಲ ಎರಡೂ ಲೈನ್ ಒಟ್ಟಿಗೆ ಬದಲಿಸಿ. ರಬ್ಬರ್ ಹೋಸುಗಳೂ ಹಳೆಯವಾದರೆ ಜೊತೆಗೇ ಹೋಗಲಿ. ಪಕ್ಕದಲ್ಲೇ ಪೆಟ್ರೋಲ್ ಪೈಪು ಇರುತ್ತದೆ, ಅದನ್ನೂ ನೋಡಲು ಹೇಳಿ. ಹಳೇ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಲಿ.

ಪೈಪಿನೊಳಗೆ ಸೇರಿಕೊಂಡ ಏರ್ ತೆಗೆಯುವಾಗ ಒಂದು ಕಿವಿಮಾತು. ಪೆಡಲ್ ಕೆಳಗೆ ಮರದ ತುಂಡು ಇಡಿಸಿ. ಇಷ್ಟು ವರ್ಷ ಪೆಡಲ್ ಅರ್ಧ ದಾರಿಯವರೆಗೆ ಮಾತ್ರ ಹೋಗಿದೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಉಳಿದರ್ಧದಲ್ಲಿ ತುಕ್ಕು ಕೂತಿರುತ್ತದೆ. ಪಂಪ್ ಮಾಡುತ್ತಾ ಪೆಡಲನ್ನು ನೆಲಕ್ಕೆ ತುಳಿದರೆ ಒಳಗಿನ ರಬ್ಬರ್ ಸೀಲ್ ಆ ಒರಟು ಜಾಗಕ್ಕೆ ಉಜ್ಜಿ ಹರಿಯುತ್ತದೆ. ಆಮೇಲೆ 'ಪೈಪ್ ಹಾಕಿಸಿದೆ, ಬ್ರೇಕ್ ಮೊದಲಿಗಿಂತ ಕೆಟ್ಟಿತು' ಅಂತ ಬರುತ್ತಾರೆ.

ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯದನ್ನೇ ಹಾಕಿಸಿ, ಹೊಸ ಸೀಲಿನ ಡಬ್ಬಿ ಒಡೆದು. ಇದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ನೀರು ಹೀರಿದ್ದಕ್ಕೆ 140 ಸಾಕು. ದೇವಿಮನೆ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟು ಬಂದರೆ ಅದು ಕುದಿದು ಆವಿಯಾಗಿ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಬನ್ನಿ.

ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಒಬ್ಬರು ಒಂದು ನಿಮಿಷ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಲಿ. ಇನ್ನೊಬ್ಬರು ಪ್ರತಿ ನಟ್ಟಿಗೂ ಪೇಪರ್ ಚೂರು ಮುಟ್ಟಿಸಿ ನೋಡಲಿ. ಒಣಗಿದ್ದರೆ ಮಗಳಿಗೆ ಫೋನ್ ಮಾಡಿ.

ಪ್ರಶ್ನೆ: ಕಾರಿನ ಅಡಿಭಾಗಕ್ಕೆ ತುಕ್ಕು ಹಿಡಿಯದಿರಲಿ ಎಂದು ಮಳೆಗಾಲಕ್ಕೆ ಮುಂಚೆ ಸುಟ್ಟ ಆಯಿಲ್, ಡೀಸೆಲ್ ಬೆರೆಸಿ ಹೊಡೆಸುತ್ತೇನೆ. ಸರಿಯೇ? (ಕುಮಟಾದ ಓದುಗರು)

ಉತ್ತರ: ಬೇಡ. ಬ್ರೇಕಿನ ರಬ್ಬರ್ ಹೋಸ್ ಎಣ್ಣೆ ಕುಡಿದು ಉಬ್ಬುತ್ತದೆ, ಡ್ರಮ್ಮಿಗೆ ಹೋದರೆ ಲೈನಿಂಗ್ ಜಾರುತ್ತದೆ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಅಡಿ ತೊಳೆದರೆ ಅದಕ್ಕಿಂತ ಮೇಲು. ತುಕ್ಕಿನ ಮೇಲೆ ಕಪ್ಪು ಅಂಡರ್‌ಕೋಟ್ ಬಳಿಸುವುದೂ ಬೇಡ. ಒದ್ದೆ ಒಳಗೇ ಉಳಿಯುತ್ತದೆ.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಸಮುದ್ರ ದೂರ. ನಮ್ಮ ಹಳೇ ಜೀಪಿನ ಪೈಪು ಯಾಕೆ ಹೀಗಾಯ್ತು?

ಉತ್ತರ: ಅಡಿಕೆ ತೋಟ ಇದೆ ತಾನೆ? ಅಡಿಕೆಯ ಕೊಳೆರೋಗದ ಔಷಧಿಗೆ ಮೈಲುತುತ್ತ, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಡ್ರಮ್ಮು ಎಲ್ಲ ಆ ಜೀಪಿನಲ್ಲೇ ಸಾಗಿಸುತ್ತೀರಿ ಅಂತ ಕಾಣುತ್ತದೆ. ದ್ರಾವಣ ಹದ ಬಂದಿದೆಯಾ ಅಂತ ಕತ್ತಿ ಅದ್ದಿ ನೋಡುತ್ತೀರಲ್ಲ, ಸುಣ್ಣ ಸಾಲದಿದ್ದರೆ ಅಲಗಿಗೆ ಕೆಂಪಗೆ ತಾಮ್ರ ಕೂರುತ್ತದೆ. ಕೂತಷ್ಟೂ ಕಬ್ಬಿಣ ಕರಗಿದೆ ಅಂತ ಅರ್ಥ. ಚೆಲ್ಲಿದ ಮೈಲುತುತ್ತದ ನೀರು ನೆಲದ ತೂತಿನಿಂದ ಇಳಿದು ಪೈಪಿಗೂ ಅದನ್ನೇ ಮಾಡುತ್ತದೆ. ಗೊಬ್ಬರದ ಚೀಲ ಹರಿದು ಉದುರಿದ್ದೂ ಅಷ್ಟೇ. ಡ್ರಮ್ಮನ್ನು ಟ್ರೇಯಲ್ಲಿಟ್ಟು ಸಾಗಿಸಿ, ಔಷಧಿ ಹೊಡೆದ ದಿನವೇ ಜೀಪಿನ ಅಡಿಗೆ ನೀರು ಬಿಡಿ.